ನೂರ ನಲವತ್ತನಾಲ್ಕನೇ ಪುಟ

"ಇದೇನಮ್ಮಾ ಇದು?" ಲೆಕ್ಕದ ಮೇಷ್ಟ್ರು ಪುಸ್ತಕವನ್ನು ಹೊಲಿಗೆ ಮೇಜಿನ ಮೇಲಿಟ್ಟು ಕನ್ನಡಕ ಒರೆಸಿಕೊಂಡರು. "ನಿನ್ನೆ ಸಂಜೆವರೆಗೆ ಗುಲಾಬಿ ಗಿಡಕ್ಕೆ ಪಾತಿ ಮಾಡ್ತಾ ಇದ್ದ ಮನುಷ್ಯ. ಇವತ್ತು ಮೂರು ಹಾಳೆ ತಿರುಗಿಸಿದರೆ ಸಮುದ್ರದ ದಡದಲ್ಲಿ ಹೆಣ ಸಿಕ್ಕಿದೆ. ಯಾರ ಹೆಣ, ಯಾವ ಸಮುದ್ರ, ಒಂದೂ ತಿಳಿಯಲಿಲ್ಲ. ಆ ಗಿಡಕ್ಕೆ ಈಗ ನೀರು ಹಾಕೋರು ಯಾರು?"

ಅಕ್ಕ ಅಂಟಿನ ಕುಂಚವನ್ನು ಬಟ್ಟಲಿಗೆ ಬಿಟ್ಟು ನಕ್ಕಳು. ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕೂತು ಹರಿದ ಪುಸ್ತಕ ಹೊಲಿಯುವ ಅವಳನ್ನು ಬೀದಿಗೆ ಬೀದಿಯೇ ಅಕ್ಕ ಎನ್ನುತ್ತಿತ್ತು. ಅವಳಿಗಿಂತ ಹತ್ತು ವರ್ಷ ಹಿರಿಯರಾದ ಮೇಷ್ಟ್ರೊಬ್ಬರೇ ಅಮ್ಮಾ ಎಂದು ಕರೆಯುತ್ತಿದ್ದದ್ದು. ಮೇಷ್ಟ್ರು ಶಾಲೆಯಿಂದ ನಿವೃತ್ತರಾಗಿ ಹನ್ನೆರಡು ವರ್ಷವಾಗಿದ್ದರೂ ತಪ್ಪು ಹುಡುಕುವ ಕೆಲಸದಿಂದ ಇನ್ನೂ ನಿವೃತ್ತರಾಗಿರಲಿಲ್ಲ. ಲೈಬ್ರರಿಯ ಗೋಡೆ ಗಡಿಯಾರ ದಿನಕ್ಕೆ ಒಂದೂವರೆ ನಿಮಿಷ ಹಿಂದೆ ಬೀಳುತ್ತದೆ ಎಂದು ಹೋದ ತಿಂಗಳು ಹತ್ತು ದಿನ ಅದರ ಕೆಳಗೇ ಕೂತು ತೋರಿಸಿಕೊಟ್ಟಿದ್ದರು. ಇದೂ ಅಂಥದ್ದೇ ಏನೋ ಇರಬೇಕು ಎಂದುಕೊಂಡು ಅವಳು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದಳು.

ಎಡಗಡೆ ನೂರ ನಲವತ್ತನಾಲ್ಕು, ಬಲಗಡೆ ನೂರ ನಲವತ್ತೈದು. ಅಂಕಿ ಸರಿಯಾಗಿಯೇ ಇತ್ತು. ಆದರೆ ಎಡಗಡೆಯ ಅಕ್ಷರ ಕೂದಲೆಳೆಯಷ್ಟು ದುಂಡಗೆ, ಬಲಗಡೆಯದು ಕೂದಲೆಳೆಯಷ್ಟು ಸಪೂರ. ಪುಸ್ತಕದ ಬೆನ್ನು ತಿರುಗಿಸಿ ನೋಡಿದಳು. ಹೊಲಿಗೆ ಅವಳದ್ದೇ.

ಅವಳು ಗಂಡನ ಮನೆಗೆ ಸೊಸೆಯಾಗಿ ಬಂದಾಗ ಲೈಬ್ರರಿಯ ಬೈಂಡಿಂಗ್ ಕೆಲಸ ಮಾವನದ್ದಾಗಿತ್ತು. ಸೊಸೆಯ ಕೈಯ ಚುರುಕು ನೋಡಿ ಮಾವ ಕೆಲಸ ಕಲಿಸಿದರು. ಕಲಿಸಿದ ಮೊದಲ ಪಾಠ, ಓದಬೇಡ ಎಂಬುದು. ಓದಲು ಶುರು ಮಾಡಿದರೆ ಕೈ ನಿಲ್ಲುತ್ತದೆ, ಅಂಕಿ ನೋಡು, ಜೋಡಿಸು, ಹೊಲಿ, ಅಷ್ಟೇ. ಮೂವತ್ತೊಂದು ವರ್ಷ ಅವಳು ಆ ಮಾತು ಮೀರಿರಲಿಲ್ಲ. ಸಾವಿರಾರು ಪುಸ್ತಕ ಅವಳ ಕೈದಾಟಿ ಹೋಗಿದ್ದವು. ಒಂದರೊಳಗೂ ಏನಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ, ಈ ಪುಸ್ತಕ ಒಳ್ಳೆಯ ಕಾಗದದ್ದು, ಅದು ಬೇಗ ಪುಡಿಯಾಗುತ್ತೆ ಎಂದು ಹೇಳುವಳು.

ಮೂರು ವರ್ಷದ ಹಿಂದೆ ಒಂದು ಬಿರುಗಾಳಿಗೆ ಲೈಬ್ರರಿಯ ಸೂರು ಹಾರಿ ಇನ್ನೂರು ಪುಸ್ತಕ ನೆನೆದಿದ್ದವು. ಅಕ್ಕ ಅವುಗಳ ಹೊಲಿಗೆ ಬಿಚ್ಚಿ, ಹದಿನಾರು ಹದಿನಾರು ಪುಟದ ಒಂದೊಂದು ಕಟ್ಟು ಬಿಡಿಸಿ, ಓದುವ ಹಾಲಿನ ತುಂಬ ಹಗ್ಗ ಕಟ್ಟಿ ಒಣಹಾಕಿದ್ದಳು. ಎಂಟು ದಿನ ಆ ಜಾಗ ಬಟ್ಟೆ ಒಣಗುವ ಹಿತ್ತಲಿನ ಹಾಗಿತ್ತು. ಓದುವವರು ಹಾಳೆಗಳ ಅಡಿಯಲ್ಲಿ ತಲೆ ತಗ್ಗಿಸಿ ಓಡಾಡಿದರು. ಫ್ಯಾನು ತಿರುಗಿದಾಗ ಹಗ್ಗದ ಮೇಲೆ ಕತೆಗಳೆಲ್ಲ ಒಟ್ಟಿಗೆ ಪಿಸುಗುಟ್ಟುತ್ತಿದ್ದವು. ಅವಳ ಕಣ್ಣಿಗೆ ಆಗ ಪೊರೆ ಬಂದಿತ್ತು. ಒಂದೇ ಪ್ರೆಸ್ಸಿನ, ಒಂದೇ ಅಳತೆಯ ಎರಡು ಕಾದಂಬರಿ, ಎರಡಕ್ಕೂ ಇನ್ನೂರ ನಲವತ್ತು ಪುಟ, ಪುಟದ ತಲೆಯ ಮೇಲೆ ಪುಸ್ತಕದ ಹೆಸರಿಲ್ಲ. ಅವಳು ಅಂಕಿ ನೋಡಿದಳು, ಜೋಡಿಸಿದಳು, ಹೊಲಿದಳು.

ಹಾಗಾದರೆ ಇದರ ಜೋಡಿಯೊಂದು ಇದೆ ಎಂದು ಅವಳಿಗೆ ಹೊಳೆಯಿತು. ತೋಟದವನ ಅರ್ಧಕ್ಕೆ ಸಮುದ್ರದ ಅರ್ಧ ಅಂಟಿದೆ ಎಂದಮೇಲೆ, ಸಮುದ್ರದ ಮೊದಲರ್ಧಕ್ಕೆ ತೋಟದ ಹಿಂದಿನರ್ಧ ಅಂಟಿಕೊಂಡು ಮೂರು ವರ್ಷದಿಂದ ಎಲ್ಲೋ ಓಡಾಡುತ್ತಿರಬೇಕು. ಮೇಷ್ಟ್ರಿಗೆ, ಸರಿಮಾಡಿ ಕೊಡ್ತೀನಿ, ಯಾರಿಗೂ ಹೇಳಬೇಡಿ ಎಂದಳು. ಮೇಷ್ಟ್ರು ಬಾಯಿಗೆ ಬೀಗ ಹಾಕಿಕೊಂಡಂತೆ ಸನ್ನೆ ಮಾಡಿ ಹೋದರು. ಲೈಬ್ರರಿ ನೋಡಿಕೊಳ್ಳುವ ಮೇಡಂ ಮುಂದೆ ಮಾತ್ರ ಅವಳೇ ಹೋಗಿ ಒಪ್ಪಿಕೊಂಡಳು. ಮೂವತ್ತೊಂದು ವರ್ಷದ ಕೈ, ಮುಚ್ಚಿಡಲು ಮನಸ್ಸು ಬರಲಿಲ್ಲ. ಮೇಡಂ ಬೈಯಲಿಲ್ಲ, ಬಿಚ್ಚಿ ಹೊಲಿದರಾಯಿತು, ಆತುರವೇನಿಲ್ಲ ಎಂದು ನಕ್ಕು ರಿಜಿಸ್ಟರ್ ತೆಗೆದರು. ಸಮುದ್ರದ ಪುಸ್ತಕ ಹೊರಗಿತ್ತು. ಒಂದೇ ಕಾರ್ಡಿಗೆ ಹನ್ನೊಂದನೇ ಸಲ ಹೋಗಿತ್ತು. ಕಾರ್ಡು ಎದುರಿನ ಇಸ್ತ್ರಿ ಅಂಗಡಿಯ ಹೆಂಗಸಿನದು.

ಅವಳ ಸಂಗತಿ ಬೀದಿಗೆಲ್ಲ ಗೊತ್ತು. ನಾಲ್ಕು ವರ್ಷದ ಹಿಂದೆ ಗಂಡ ಮೀನಿನ ದೋಣಿಯಲ್ಲಿ ಹೋದವನು ತಿರುಗಿ ಬರಲಿಲ್ಲ. ದೋಣಿಯೂ ಬರಲಿಲ್ಲ, ಹಲಗೆಯ ಚೂರೂ ಬರಲಿಲ್ಲ. ಮೊದಲ ವರ್ಷ ಜನ ಸಮಾಧಾನ ಹೇಳಿದರು, ಎರಡನೇ ವರ್ಷ ಬುದ್ಧಿ ಹೇಳಿದರು, ಆಮೇಲೆ ಏನೂ ಹೇಳಲಿಲ್ಲ. ಮಧ್ಯಾಹ್ನ ಕೆಂಡ ಆರುವ ಹೊತ್ತಿಗೆ ಅವಳು ಬೀದಿ ದಾಟಿ ಲೈಬ್ರರಿಗೆ ಬರುತ್ತಿದ್ದಳು.

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಆ ಲೈಬ್ರರಿ ಎಚ್ಚರವಾಗಿರುತ್ತಿತ್ತೋ ನಿದ್ದೆ ಮಾಡುತ್ತಿತ್ತೋ ಹೇಳುವುದು ಕಷ್ಟ. ಎತ್ತರದ ಕಿಟಕಿಗಳಿಂದ ಬಿಸಿಲು ಕೋಲುಕೋಲಾಗಿ ಇಳಿದು ಮೇಜುಗಳ ಮೇಲೆ ಮಲಗುತ್ತಿತ್ತು. ಗೋದಾಮಿನ ಕಾವಲುಗಾರನೊಬ್ಬ ದಿನಾ ಭೂಪಟದ ಪುಸ್ತಕ ಬಿಡಿಸಿ, ಯಾವುದೋ ಸಾಗರದ ಮೇಲೆ ಕೆನ್ನೆಯಿಟ್ಟು ಮಲಗುತ್ತಿದ್ದ. ಗೊರಕೆ ಹೊಡೆದರೆ ಮಾತ್ರ ಎಬ್ಬಿಸಬೇಕು ಎಂದು ಮೇಡಂ ಅಪ್ಪಣೆ. ಕಪಾಟಿನ ಹಿಂದಿನ ಮೂಲೆಯಲ್ಲಿ ತಾಯಂದಿರು ಮಗುವಿಗೆ ಹಾಲು ಕೊಡುತ್ತಿದ್ದರು. ಕೆಲಸ ಕಳೆದುಕೊಂಡವರು ಮನೆಯಲ್ಲಿ ಹೇಳದೆ ಊಟದ ಡಬ್ಬಿ ಸಮೇತ ಬಂದು ಸಂಜೆ ಐದರವರೆಗೆ ಕೂರುತ್ತಿದ್ದರು. ಯಾಕೆ ಬಂದಿರಿ ಎಂದು ಯಾರನ್ನೂ ಯಾರೂ ಕೇಳುತ್ತಿರಲಿಲ್ಲ. ಬೀದಿಯಲ್ಲಿ ಏನೂ ಕೊಳ್ಳದೆ ಕೂರಲು ಬಿಡುವ ಜಾಗ ಅದೊಂದೇ.

ಅಕ್ಕನ ಕೋಣೆಯ ಬಾಗಿಲ ಪಕ್ಕ ಒಂದು ಮೊಳೆಗೆ ಸೂಜಿ ಚುಚ್ಚಿದ ಮೆತ್ತೆ ತೂಗುತ್ತಿತ್ತು. ಪೊರೆ ತೆಗೆಸಿದ ಮೇಲೂ ಅವಳಿಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಹೋಗುವವರು ಬರುವವರು, ಒಂದು ಸೂಜಿ ತೆಗೆದು ದಾರ ಪೋಣಿಸಿ ಚುಚ್ಚಿಟ್ಟು ಮುಂದೆ ಹೋಗುವುದು ರೂಢಿ. ಕಾವಲುಗಾರ ನಿದ್ದೆಗಣ್ಣಿನಲ್ಲೂ ಪೋಣಿಸುತ್ತಿದ್ದ. ಎಲ್ಲರಿಗಿಂತ ಉದ್ದ ದಾರ ಹಾಕುವವಳು ಇಸ್ತ್ರಿಯವಳು. ಕೆಂಡ ಹಿಡಿದ ಕೈಯಾದರೂ ಅವಳ ಬೆರಳು ನಡುಗುತ್ತಿರಲಿಲ್ಲ.

ಅಂದು ಅವಳು ಪುಸ್ತಕ ತಿರುಗಿಸಿ ಕೊಟ್ಟು ಮತ್ತೆ ಅದನ್ನೇ ಬರೆಸಿಕೊಳ್ಳಲು ಬಂದಾಗ ಅಕ್ಕ ಮುಂದೆ ಹೋಗಿ, ಹೊಲಿಗೆ ಸಡಿಲವಾಗಿದೆ, ನಾಲ್ಕು ದಿನ ನನ್ನ ಹತ್ತಿರ ಇರಲಿ ತಂಗಿ ಎಂದಳು. ಅವಳ ಮುಖ ಚಿಕ್ಕದಾಯಿತು. ಏನೋ ಹೇಳಲು ಹೋಗಿ, ಅಂಗಡಿಯಲ್ಲಿ ಯಾರೋ ಕೂಗಿದ್ದು ಕೇಳಿ ಹಾಗೇ ಹೊರಟುಹೋದಳು.

ಅಕ್ಕ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿದಳು. ಅದು ತಾನಾಗಿಯೇ ನೂರ ನಲವತ್ತನಾಲ್ಕಕ್ಕೆ ತೆರೆದುಕೊಂಡಿತು. ಅಲ್ಲಿ ನಾಲ್ಕು ಮಡಿಕೆಯ ಒಂದು ಕಾಗದವಿತ್ತು. ಓದಬೇಡ ಎಂದು ಮಾವ ಹೇಳಿದ್ದು ಪುಸ್ತಕದ ಮಾತು, ಬಿಡಿ ಕಾಗದದ್ದಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡು ಬಿಡಿಸಿದಳು. ಬಂದರು ಕಚೇರಿಯ ಮೊಹರು. ದೋಣಿಯೊಂದಿಗೆ ಕಾಣೆಯಾದ ನನ್ನ ಪತಿಯು ಇನ್ನು ಜೀವಂತವಿಲ್ಲವೆಂದು ಒಪ್ಪಿ ಸಹಿ ಮಾಡಿರುತ್ತೇನೆ ಎಂದು ಅಚ್ಚಾಗಿತ್ತು. ಕೆಳಗೆ ಚುಕ್ಕಿಗಳ ಸಾಲು, ಖಾಲಿ. ಕಾಗದದ ತಾರೀಖು ನೋಡಿದರೆ ಎರಡು ವರ್ಷ ಹಳೆಯದು. ಅವಳು ಅದನ್ನು ಇದ್ದ ಹಾಗೆಯೇ ಮಡಚಿಟ್ಟಳು. ಆದರೆ ಕಣ್ಣು ಎದುರಿನ ಪುಟದ ಮೇಲೆ ಬಿದ್ದೇಬಿಟ್ಟಿತ್ತು.

ಎಡಗಡೆಯ ಕೊನೆಯ ಸಾಲಿನಲ್ಲಿ ದೋಣಿಯವನು, ಬಾಗಿಲಿಗೆ ಚಿಲಕ ಹಾಕಬೇಡ ಎಂದು ಹೆಂಡತಿಗೆ ಹೇಳಿ ದೋಣಿ ನೂಕಿದ್ದ. ಬಲಗಡೆಯ ಮೊದಲ ಸಾಲು, ಬಾಗಿಲು ತೆರೆದೇ ಇತ್ತು, ಅವನು ಚಪ್ಪಲಿ ಕಳಚಿ ಒಳಗೆ ಬಂದ ಎಂದಿತ್ತು. ಎರಡು ಪುಸ್ತಕದ ಇಬ್ಬರು ಗಂಡಸರು ಒಂದೇ ಬಾಗಿಲಲ್ಲಿ ಸೇರಿಬಿಟ್ಟಿದ್ದರು. ಬೇಕೆಂದೇ ಮಾಡಲು ಹೋಗಿದ್ದರೆ ಹೀಗೆ ಹೊಂದುತ್ತಿರಲಿಲ್ಲ ಎಂದು ಅವಳಿಗೆ ಒಂದು ಗಳಿಗೆ ಹೆಮ್ಮೆಯೇ ಆಯಿತು, ಆಮೇಲೆ ನಾಚಿಕೆಯಾಯಿತು.

ಪ್ರತಿ ಪುಸ್ತಕದ ಕೊನೆಗೆ ಒಂದು ಖಾಲಿ ಹಾಳೆ ಸೇರಿಸಿ ಹೊಲಿಯುವುದು ಮಾವ ಹಾಕಿಕೊಟ್ಟ ಪದ್ಧತಿ. ಜನ ಹೇಗೂ ಪುಸ್ತಕದಲ್ಲಿ ಗೀಚುತ್ತಾರೆ, ಗೀಚುವುದಾದರೆ ಇಲ್ಲಿ ಗೀಚಲಿ, ಅಂಚು ಉಳಿಯಲಿ ಎಂದು. ಅಕ್ಕ ಆ ಹಾಳೆ ತೆಗೆದಳು. ದೋಣಿಯವನು ಹೆಸರು ಬದಲಾಯಿಸಿಕೊಂಡು ಬಂದದ್ದು ಯಾಕೆಂದು ಲೇಖಕರು ಹೇಳಬೇಕಿತ್ತು ಎಂದು ಒಬ್ಬರು ಬರೆದಿದ್ದರು. ಮೀನು ಹಿಡಿಯುವವನಿಗೆ ಗುಲಾಬಿ ಕಸಿ ಮಾಡುವುದು ಎಲ್ಲಿಂದ ಬಂತು, ಆದರೂ ಪರವಾಗಿಲ್ಲ, ಬಂದನಲ್ಲ ಎಂದು ಇನ್ನೊಬ್ಬರು. ಅದರ ಕೆಳಗೆ ಪೆನ್ಸಿಲಿನಲ್ಲಿ, ಇಸ್ತ್ರಿ ಮಾಡಿದಂಥ ನೇರ ಅಕ್ಷರದಲ್ಲಿ, ಬಂದ ಎಂಬ ಒಂದೇ ಮಾತು ಹನ್ನೊಂದು ಸಲ ಇತ್ತು.

ಚಾಕು ಕೈಯಲ್ಲಿ ಹಿಡಿದು ಅವಳು ಬಹಳ ಹೊತ್ತು ಕೂತಳು. ಬಿಚ್ಚಿ ಸರಿಮಾಡಿದರೆ ದೋಣಿಯವನು ಮೇಷ್ಟ್ರು ಓದಿದ ಆ ಹೆಣವಾಗಿ ದಡ ಸೇರುತ್ತಾನೆ. ಬಿಚ್ಚದೆ ಬಿಟ್ಟರೆ ತನ್ನ ಕೈ ಮಾಡಿದ ಒಂದು ಸುಳ್ಳಿನ ಮೇಲೆ ಆ ಹೆಂಗಸು ಇನ್ನೆಷ್ಟು ವರ್ಷ ಕೂತಿರುತ್ತಾಳೋ. ಮಾವ ಇದ್ದಿದ್ದರೆ ಕೇಳಬಹುದಿತ್ತು. ಇಲ್ಲದ ಮಾವನಿಗೆ ಮನಸ್ಸಿನಲ್ಲೇ ತಪ್ಪಾಯ್ತು ಎಂದು ಹೇಳಿ ಅವಳು ಮೊದಲ ಪುಟ ತೆಗೆದು ಓದಲು ಶುರು ಮಾಡಿದಳು.

ಮೂರು ಮಧ್ಯಾಹ್ನ ಓದಿದಳು. ಅಂಟು ಬಟ್ಟಲಲ್ಲಿ ಕೆನೆಗಟ್ಟಿತು, ಪುಸ್ತಕದ ಬೆನ್ನು ಬಡಿಯುವ ಸುತ್ತಿಗೆಯ ಸದ್ದಿಲ್ಲದೆ ಹಾಲಿನಲ್ಲಿ ಮಲಗಿದವರಿಗೆ ನಿದ್ದೆ ಕೆಟ್ಟಿತು. ಓದುತ್ತ ಓದುತ್ತ ಕೋಣೆಯ ಗೋಡೆ ದೂರ ಸರಿದ ಹಾಗೆ, ನೆಲದಡಿ ನೀರು ಮೆಲ್ಲಗೆ ಅಲುಗಾಡಿದ ಹಾಗೆ ಅವಳಿಗೆ ಅನಿಸುತ್ತಿತ್ತು. ಇಷ್ಟು ವರ್ಷ ಇದರ ಪಕ್ಕದಲ್ಲೇ ಕೂತು ಇದರ ಬೆನ್ನು ಮಾತ್ರ ಸವರುತ್ತಿದ್ದೆನಲ್ಲ ಎಂದು ಅಳು ಬಂತು. ಅತ್ತಳು ಕೂಡ. ಒಂದು ಪುಸ್ತಕ ಮುಗಿಸಿ ಇನ್ನೊಂದನ್ನು ತೆಗೆದಳು. ತೋಟದವನ ಜೊತೆ ನೂರ ನಲವತ್ತನಾಲ್ಕರವರೆಗೆ ನಡೆದು, ಅಲ್ಲಿಂದ ಮುಂದೆ ದೋಣಿಯವನ ಹೆಂಡತಿಯನ್ನು ಕೊನೆಯವರೆಗೆ ಹಿಂಬಾಲಿಸಿದಳು.

ನಾಲ್ಕನೇ ದಿನ ಇಸ್ತ್ರಿಯವಳು ಬಂದು ಬಾಗಿಲಲ್ಲಿ ನಿಂತಳು. ಮೊಳೆಯ ಮೆತ್ತೆಯಿಂದ ಸೂಜಿ ತೆಗೆದು ದಾರ ಪೋಣಿಸುತ್ತ, ಬಿಚ್ಚಿದಿರಾ ಎಂದು ಕೇಳಿದಳು. ಇನ್ನೂ ಇಲ್ಲ ಎಂದಳು ಅಕ್ಕ. ಆಮೇಲೆ ಸುತ್ತುಬಳಸದೆ ನಡೆದದ್ದೆಲ್ಲ ಹೇಳಿದಳು. ಸೂರು ಹಾರಿದ್ದು, ಕಣ್ಣಿನ ಪೊರೆ, ಅಂಕಿ ನೋಡಿ ಹೊಲಿದದ್ದು. ತಪ್ಪು ನನ್ನದು, ಅವನು ಬಂದದ್ದು ನನ್ನ ತಪ್ಪಿನಿಂದ ತಂಗಿ, ಎಂದಳು.

ಅವಳು ಬೆಚ್ಚಲಿಲ್ಲ. ಸೂಜಿಯನ್ನು ಚುಚ್ಚಿಟ್ಟು ಸ್ಟೂಲಿನ ಮೇಲೆ ಕೂತಳು.

"ಗೊತ್ತು ಅಕ್ಕ. ಒಂದೇ ಬಣ್ಣದ ಎರಡು ಬಟ್ಟೆ ಸೇರಿಸಿ ಹೊಲಿದರೆ ಇಸ್ತ್ರಿ ಪೆಟ್ಟಿಗೆ ಕೆಳಗೆ ಗೊತ್ತಾಗುತ್ತೆ. ಮೊದಲ ಸಲ ಓದಿದಾಗಲೇ ಗೊತ್ತಾಯ್ತು. ಹೇಳಿದರೆ ನೀವು ಸರಿಮಾಡಿಬಿಡ್ತೀರಲ್ಲ, ಅದಕ್ಕೆ ಸುಮ್ಮನಿದ್ದೆ."

ಹೊರಗೆ ಹಾಲಿನಲ್ಲಿ ಯಾರೋ ಕುರ್ಚಿ ಸರಿಸಿದರು, ಬಂದರಿನ ಕಡೆಯಿಂದ ಹಡಗೊಂದು ಉದ್ದಕ್ಕೆ ಕೂಗಿ ಸುಮ್ಮನಾಯಿತು. ಇಸ್ತ್ರಿಯವಳು ಎರಡು ಪುಸ್ತಕದ ಕಡೆಗೂ ನೋಡಿದಳು. ತಾನು ಓದಿದ್ದರ ಮೇಲೆ ಕೈಯಿಟ್ಟು, ಇನ್ನೊಂದರ ಮೇಲೆ ಇಡದೆ ಹಿಂದೆಗೆದುಕೊಂಡಳು.

"ಅದರಲ್ಲಿ ಅವನಿಗೆ ಏನಾಗುತ್ತೆ?"

ಸುಳ್ಳು ಹೇಳುವುದು ನೀರು ಕುಡಿದಷ್ಟು ಸುಲಭವಿತ್ತು. ಓದಿಲ್ಲ ಎಂದರೂ ಊರು ನಂಬುತ್ತಿತ್ತು. ಅಕ್ಕ ಅವಳ ಕೈ ಹಿಡಿದುಕೊಂಡಳು. ಹೆಬ್ಬೆರಳ ಬುಡದಲ್ಲಿ ಹಳೆಯ ಸುಟ್ಟ ಕಲೆ ಗಟ್ಟಿಯಾಗಿತ್ತು.

"ಸಾಯ್ತಾನೆ. ನೂರೈವತ್ತನೇ ಪುಟದಲ್ಲಿ ದಡಕ್ಕೆ ಬರ್ತಾನೆ."

"ಅವಳು?"

"ಅವಳು ಅವನ ಅಂಗಿ ಮಡಚಿ ಇಡ್ತಾಳೆ. ಆಮೇಲೆ ಇನ್ನೂ ತೊಂಬತ್ತು ಪುಟ ಇದೆ."

"ತೊಂಬತ್ತಾ?"

"ತೊಂಬತ್ತು. ಎಣಿಸಿದೀನಿ."

ತೊಂಬತ್ತು ಪುಟ ಆ ಹೆಂಡತಿ ಏನು ಮಾಡ್ತಾಳೆ ಎಂದು ಇಸ್ತ್ರಿಯವಳಿಗೆ ಕೇಳಬೇಕೆನಿಸಿರಬೇಕು, ಕೇಳಲಿಲ್ಲ. ಅಕ್ಕನೂ ಹೇಳಲಿಲ್ಲ. ಅವಳು ಸ್ಟೂಲನ್ನು ಮೇಜಿನ ಹತ್ತಿರ ಎಳೆದುಕೊಂಡು, ಹೊಲಿಗೆ ಬಿಚ್ಚುವುದಕ್ಕೆ ಮೊದಲು ಅದನ್ನು ಇಲ್ಲೇ ಕೂತು ಓದಲೇ, ಮನೆಗೆ ಒಯ್ಯುವ ಧೈರ್ಯ ಇಲ್ಲ ಎಂದಳು. ಇಲ್ಲೇ ಅಂದರೆ ಇಲ್ಲಿ ಸುತ್ತ ಜನ ಇರ್ತಾರಲ್ಲ, ಅದಕ್ಕೆ ಎಂದು ಸೇರಿಸಿದಳು.

ಆ ಪುಸ್ತಕ ಇನ್ನೂ ಮೇಷ್ಟ್ರ ಕಾರ್ಡಿನ ಮೇಲಿತ್ತು. ತೋಟದವನ ಗತಿ ಏನಾಯಿತೆಂದು ದಿನಾ ಬಂದು ಕೇಳುತ್ತಿದ್ದವರು ಅವರೇ. ಅಕ್ಕ ವಿಷಯ ತಿಳಿಸಿದಾಗ ಮೇಷ್ಟ್ರು ಸ್ವಲ್ಪ ಹೊತ್ತು ಗಡಿಯಾರ ನೋಡಿ, ಓದಲಿ ಬಿಡಮ್ಮಾ, ಗುಲಾಬಿ ಎಲ್ಲಿಗೂ ಓಡಿಹೋಗಲ್ಲ ಎಂದರು. ಸಮುದ್ರದ ಪುಸ್ತಕದ ಹಿಂದಿನರ್ಧದಲ್ಲಿ ನಿಮ್ಮ ತೋಟದವನು ಇದ್ದಾನೆ, ಈಗಲೇ ಓದಬಹುದಲ್ಲ ಎಂದರೆ, ಆಕೆ ಮುಗಿಸುವವರೆಗೆ ಬೇಡ, ಒಟ್ಟಿಗೆ ಮುಗಿಸೋಣ ಎಂದರು. ಲೆಕ್ಕದ ಮೇಷ್ಟ್ರಿಗೆ ಇಂಥ ಲೆಕ್ಕವೂ ಬರುತ್ತದೆ ಎಂದು ಅಕ್ಕನಿಗೆ ಅಂದೇ ತಿಳಿದದ್ದು.

ಹನ್ನೆರಡು ಮಧ್ಯಾಹ್ನ ಅವಳು ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತಳು. ಎದುರಿನ ಕುರ್ಚಿಯಲ್ಲಿ ಮೇಷ್ಟ್ರು ದಿನಪತ್ರಿಕೆಯ ಪದಬಂಧ ಹಿಡಿದು ಕೂತರು. ಮೊದಲ ಎರಡು ದಿನ ಅವಳು ನೂರ ನಲವತ್ತೈದನೇ ಪುಟವನ್ನು ಬಿಡಿಸಿ ಅದರ ಮೇಲೆ ಕೈ ಇಟ್ಟುಕೊಂಡೇ ಇದ್ದಳು. ಮೂರನೇ ದಿನ ಓದಿದಳು. ಅಂದು ಅಕ್ಕ ಸುತ್ತಿಗೆ ಕೆಳಗಿಟ್ಟು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಇಸ್ತ್ರಿಯವಳ ಭುಜ ಅಲುಗಾಡಿದ್ದು ಕಂಡಿತು, ಸದ್ದು ಬರಲಿಲ್ಲ. ಭೂಪಟದ ಮೇಲೆ ಮಲಗಿದ್ದ ಕಾವಲುಗಾರ ಕಣ್ಣು ತೆರೆದು, ನೋಡಿ, ಮತ್ತೆ ಮುಚ್ಚಿಕೊಂಡ. ಮೇಷ್ಟ್ರು ಪದಬಂಧದಿಂದ ತಲೆಯೆತ್ತದೆ ತಮ್ಮ ನೀರಿನ ಲೋಟವನ್ನು ಮೇಜಿನ ಆ ಕಡೆಗೆ ಸರಿಸಿದರು. ಯಾರೂ ಎದ್ದು ಹತ್ತಿರ ಹೋಗಲಿಲ್ಲ, ಯಾರೂ ದೂರ ಹೋಗಲಿಲ್ಲ. ಫ್ಯಾನು ತಿರುಗುತ್ತಿತ್ತು. ಬಿಸಿಲಿನ ಕೋಲು ಅವಳ ಮೇಜು ದಾಟಿ ಪಕ್ಕದ ಮೇಜಿಗೆ ಹೋಯಿತು. ಆಮೇಲೆ ಅವಳು ಹಾಳೆ ತಿರುಗಿಸಿದಳು.

ಹದಿಮೂರನೇ ದಿನ ಅವಳು ಬೇಗ ಬಂದಳು. ಇಸ್ತ್ರಿ ಅಂಗಡಿಯ ಹಲಗೆ ಹಾಕಿತ್ತು. ಪುಸ್ತಕವನ್ನು ಅಕ್ಕನ ಮೇಜಿನ ಮೇಲೆ, ಅದರ ಜೋಡಿಯ ಪಕ್ಕದಲ್ಲಿ ಇಟ್ಟಳು. ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ, ತೊಂಬತ್ತೂ ಓದಿದೆ ಎಂದು ಬರೆದಿತ್ತು. ಸಮುದ್ರದ ಪುಸ್ತಕ ತೆರೆದು ಮಡಚಿದ ಕಾಗದವನ್ನು ತೆಗೆದುಕೊಂಡು, ಸ್ವಲ್ಪ ಬಂದೆ ಅಕ್ಕ ಎಂದು ಹೋದಳು. ಅರ್ಧ ಗಂಟೆಗೆ ತಿರುಗಿ ಬಂದಾಗ ಕಾಗದದಲ್ಲಿ ಮಡಿಕೆ ಇರಲಿಲ್ಲ. ಎರಡು ವರ್ಷದ ಮಡಿಕೆ, ಒಂದು ಗೆರೆಯೂ ಉಳಿಯದ ಹಾಗೆ ಇಸ್ತ್ರಿ ಮಾಡಿದ್ದಳು. ಇನ್ನೂ ಬೆಚ್ಚಗಿತ್ತು.

ಪೆನ್ನು ಇದೆಯಾ ಎಂದು ಕೇಳಿದಳು. ಅಕ್ಕ ಪುಸ್ತಕದ ಬೆನ್ನಿಗೆ ಹೆಸರು ಬರೆಯುವ ಕಪ್ಪು ಶಾಯಿಯ ಪೆನ್ನು ಕೊಟ್ಟಳು. ಅವಳು ಹೊಲಿಗೆ ಮೇಜಿನ ತುದಿಯಲ್ಲಿ ಕಾಗದ ಇಟ್ಟು, ಬಾಗಿ, ಚುಕ್ಕಿಗಳ ಮೇಲೆ ಹೆಸರು ಬರೆದಳು. ಶಾಯಿ ಆರುವವರೆಗೆ ಇಬ್ಬರೂ ಅದನ್ನೇ ನೋಡುತ್ತ ನಿಂತರು. ಬಂದರು ಕಚೇರಿ ನಾಲ್ಕಕ್ಕೆ ಮುಚ್ಚುತ್ತದೆ, ಹೊರಡಬೇಕು ಎಂದಳು. ಹೊರಡುವ ಮುಂಚೆ ಮೆತ್ತೆಯಿಂದ ಸೂಜಿ ತೆಗೆದು ಉಂಡೆಯಿಂದ ಎರಡು ಮಾರು ದಾರ ಎಳೆದು ಪೋಣಿಸಿ ಅಕ್ಕನ ಕೈಗೆ ಕೊಟ್ಟಳು.

"ಎರಡಕ್ಕೂ ಸಾಲುತ್ತೆ," ಎಂದಳು.

ಅಕ್ಕ ಕಿಟಕಿಯಿಂದ ನೋಡಿದಳು. ಇಸ್ತ್ರಿಯವಳು ಗಿರಾಕಿಗಳ ಬಟ್ಟೆ ಒಯ್ಯುವ ಹಾಗೆಯೇ, ಎರಡು ಅಂಗೈಗಳ ಮೇಲೆ ಕಾಗದವನ್ನು ಚಪ್ಪಟೆಯಾಗಿ ಹಿಡಿದುಕೊಂಡು, ಮಡಿಕೆ ಬೀಳದಂತೆ ಬೀದಿಯ ಕೊನೆಯವರೆಗೆ ನಡೆದು ತಿರುವಿನಲ್ಲಿ ಮರೆಯಾದಳು. ಹಾಲಿನಲ್ಲಿ ಮೇಷ್ಟ್ರು ಕೆಮ್ಮಿದರು. ಗುಲಾಬಿಯ ಸರದಿ ಬಂತೇ ಎಂದು ಕೇಳುವ ಕೆಮ್ಮು ಅದು.

ಅವಳು ಕೂತು ಸಮುದ್ರದ ಪುಸ್ತಕವನ್ನು ತೆರೆದಳು. ಅದು ಎಂದಿನಂತೆ ನೂರ ನಲವತ್ತನಾಲ್ಕಕ್ಕೇ ತೆರೆದುಕೊಂಡಿತು. ಕಾಗದ ಇಲ್ಲದಿದ್ದರೂ ಅದು ಇದ್ದ ಜಾಗ ಎರಡೂ ಪುಟದ ಮೇಲೆ ನಾಲ್ಕು ಮೂಲೆಯಾಗಿ ಕಂದುಗಟ್ಟಿತ್ತು. ಅಕ್ಕ ಆ ಗುರುತಿನ ಮೇಲೆ ಅಂಗೈ ಆಡಿಸಿದಳು, ನಡುವಿನ ಹೊಲಿಗೆಯನ್ನು ಬೆರಳಿನಿಂದ ಹುಡುಕಿದಳು, ಮೊದಲ ದಾರಕ್ಕೆ ಚಾಕು ತಾಗಿಸಿದಳು.